ನೀಲಗಾರ ಓಣಿಯ ಹೌಜು

ನಳದಲ್ಲಿ ಮೊದಲು ಬರುವುದು ನೀರಲ್ಲ, ಗಾಳಿ. ಯಾರೋ ಬಾಯಿಗೆ ಸೆರಗು ಒತ್ತಿ ಹಿಡಿದು ಮೆಲ್ಲಗೆ ಉಸಿರು ಬಿಟ್ಟ ಹಾಗೆ ಒಂದು ಸದ್ದು. ರಾತ್ರಿ ಎರಡೂವರೆಗೆ ಆ ಸದ್ದಾದಾಗ ಬೆಟಗೇರಿಯ ನೀಲಗಾರ ಓಣಿಯಲ್ಲಿ ಎಚ್ಚರಾದವಳು ನಸ್ರೀನ ಒಬ್ಬಳೇ. ಕನಸಿನಲ್ಲಿ ಅವಳು ತವರೂರು ಹಮ್ಮಿಗಿಯ ಹೊಳೆಯಲ್ಲಿ ಮೊಣಕಾಲುದ್ದದ ನೀರಲ್ಲಿ ನಿಂತಿದ್ದಳು. ಕಣ್ಣು ಬಿಟ್ಟಾಗಲೂ ಕಾಲು ತಣ್ಣಗೇ ಇದ್ದವು. ಅದೇ ಹೊಳೆಯ ನೀರು ಕೊಳವೆಯೊಳಗೆ ಇಷ್ಟು ದೂರ ನಡೆದು ಬಂದು ತನ್ನನ್ನು ಹೆಸರು ಹಿಡಿದು ಕರೆಯುತ್ತದೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

"ನಳ ಬಂತ್ರೀ! ಮಂಜಕ್ಕಾ, ನಳ ಬಂತು!"

ಎದುರು ಮನೆಯ ಮಂಜವ್ವನ ಕಿಟಕಿಯಲ್ಲಿ ದೀಪ ಹತ್ತಿತು. ಮಗ್ಗದ ಮನೆಯವರು, ಅವರ ಆಚೆಯವರು, ಹೀಗೆ ಓಣಿ ಒಂದೊಂದೇ ಕಣ್ಣು ತೆರೆಯುತ್ತ ಹೋಯಿತು. ಅತ್ತೆ ಅಮೀನಬಿ ಕೊಡಗಳನ್ನು ಸಾಲು ಮಾಡಿದಳು. ಗಂಡ ಇಲಿಯಾಸ ನಿದ್ದೆಗಣ್ಣಲ್ಲಿ ಗೋಡೆ ಹಿಡಿದು ನಡೆಯುತ್ತ ಬ್ಯಾರಲ್ಲಿಗೆ ಪೈಪು ಇಳಿಬಿಟ್ಟ.

"ಜಲ್ದಿ ಮಾಡಲೇ," ಎಂದಳು ಅಮೀನಬಿ ಮಗನಿಗೆ. "ಹೋದ ಸಲ ಎರಡನೇ ಬ್ಯಾರಲ್ ತುಂಬೂದ್ರಾಗ ನಿಂತ ಹೋತು."

"ನಾ ಜಲ್ದಿ ಮಾಡಿದ್ರ ನೀರು ಜಲ್ದಿ ಬರ್ತೈತೇನಬೇ?"

"ನಿನ್ನ ಮಾರಿ ನೋಡಿದ್ರ ಬಂದದ್ದೂ ಹೊಳ್ಳಿ ಹೋಗತೈತಿ. ಪೈಪ ಹಿಡಿ!"

ನಸ್ರೀನಳ ಮಾವ ಜಹಾಂಗೀರಸಾಬ ಪಡಸಾಲೆಯಲ್ಲಿ ಕುಳಿತು ಎಲ್ಲ ನೋಡುತ್ತಿದ್ದ. ಓಣಿಗೆ ಹೆಸರು ತಂದ ಕಸುಬಿನ ಕೊನೆಯ ಮನುಷ್ಯ ಅವನು. ತಿಂಗಳಿಗೊಮ್ಮೆ ಮಂಜವ್ವನಿಗೆ ನಾಲ್ಕು ಲಡಿ ನೂಲನ್ನು ನೀಲಿ ಬಣ್ಣಕ್ಕೆ ಅದ್ದಿ ಕೊಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಆದರೂ ಉಗುರಿನ ಅಂಚಿನಿಂದ ನೀಲಿ ಹೋಗಿರಲಿಲ್ಲ.

ನೀರು ನಿಂತಾಗ ನಾಲ್ಕು ಗಂಟೆ. ಮತ್ತೆ ಬರುವುದು ಎಂಟು ದಿನಕ್ಕೋ ಹತ್ತು ದಿನಕ್ಕೋ, ಯಾವ ಹೊತ್ತಿಗೋ, ಹೇಳುವವರಿಲ್ಲ. ಹೀಗಾಗಿ ಆರನೇ ದಿನದಿಂದ ನಸ್ರೀನ ನಳದ ಬದಿಗೇ ಹಾಸಿಗೆ ಹಾಸುತ್ತಿದ್ದಳು. ಮದುವೆಯಾಗಿ ಮೂರು ವರ್ಷ. ಅವಳ ಕಿವಿಯೇ ಓಣಿಯ ಗಡಿಯಾರವಾಗಿತ್ತು.

ಗದಗ ಜಿಲ್ಲೆಯಾಗಿ ಇಪ್ಪತ್ತು ವರ್ಷ ದಾಟಿದ್ದ ಆ ಬೇಸಿಗೆಯಲ್ಲಿ ಹಳೆಯ ಓಣಿಗಳನ್ನು ಸುಧಾರಿಸುವ ಯೋಜನೆಯೊಂದು ಬಂತು. ನೀಲಗಾರ ಓಣಿಯ ತುದಿಯಲ್ಲಿ ಏನು ಕಟ್ಟಬೇಕು ಎಂದು ಅಲ್ಲಿ ಇರುವವರನ್ನೇ ಕೇಳಿಕೊಂಡು ಬರಲು ಹುಬ್ಬಳ್ಳಿಯ ಕಾಲೇಜಿನಿಂದ ನಾಲ್ವರನ್ನು ಕಳಿಸಿದ್ದರು. ಅವರ ಮುಂದಾಳು ಸೀಮಾ ಎಂಬ ಹುಡುಗಿ. ನಸ್ರೀನಳ ನಾದಿನಿ ರುಹಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದವಳು, ಮೊದಲ ದಿನವೇ ಅವರ ಜೊತೆ ಸೇರಿಕೊಂಡಳು.

ಅವರು ಮನೆಗೆ ಬರುವ ಮೊದಲು ಅಮೀನಬಿ ಎರಡು ಬ್ಯಾರಲ್ಲುಗಳ ಮುಂದೆ ಪರದೆ ಎಳೆದಳು. ಹಿತ್ತಾಳೆ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಬಾಯಿಮಟ ತುಂಬಿಸಿ, ಬಾಗಿಲಿಗೆ ಕಾಣುವ ಹಾಗೆ ಇಡಿಸಿದಳು. ತಿಕ್ಕಲು ಹೋದ ನೀರೇ ಒಂದು ಕೊಡ.

"ಡಿಸೈನ್ ಥಿಂಕಿಂಗ್ ಅಂತಾರ್ರಿ ಅಜ್ಜಾರ ಇದಕ್ಕ," ಎಂದಳು ಸೀಮಾ, ಚಾಪೆಯ ಮೇಲೆ ಕುಳಿತು. "ಮೊದಲು ನಿಮ್ಮ ತ್ರಾಸ ಏನಂತ ಕೇಳೂದು. ಆಮ್ಯಾಲೆ ಅದಕ್ಕೊಂದು ದಾರಿ ಹುಡುಕಿ ಸಣ್ಣದಾಗಿ ಮಾಡಿ ನೋಡೂದು. ಸರಿ ಹೋಗಲಿಲ್ಲಂದ್ರ ಕೆಡವಿ ಮತ್ತ ಮಾಡೂದು."

"ಕೆಡವಾಕ ಕಲಸೂದಕ್ಕೂ ಕಾಲೇಜ ಆದುವೇನು?" ಎಂದ ಜಹಾಂಗೀರಸಾಬ.

ಸೀಮಾ ನಕ್ಕಳು. ಹಳದಿ ಚೀಟಿಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅಮೀನಬಿಯನ್ನು ಕೇಳಿದಳು. "ನೀರಿಂದು ಹೆಂಗ್ರಿ ಅಮ್ಮಾರ?"

"ಏನೂ ತ್ರಾಸ ಇಲ್ಲವಾ. ಅಲ್ಲಾ ಚೊಲೊ ಇಟ್ಟಾನ. ನಸ್ರೀನ, ಶರಬತ್ತು ಮಾಡ. ದೊಡ್ಡ ಗ್ಲಾಸಿಗೆ ಮಾಡ."

ಎದುರು ಮನೆಯಲ್ಲಿ ಮಂಜವ್ವನೂ ಅದನ್ನೇ ಹೇಳಿದಳು. ಅವಳ ಪಕ್ಕದವರೂ ಅದನ್ನೇ ಹೇಳಿದರು. ಹನ್ನೆರಡು ಮನೆ, ಹನ್ನೆರಡು ತಂಬಿಗೆ ಶರಬತ್ತು, ಪಾನಕ, ಮಜ್ಜಿಗೆ. ಸಂಜೆ ಸೀಮಾಳ ಚೀಟಿಯಲ್ಲಿ 'ನೀರು: ತೊಂದರೆ ಇಲ್ಲ' ಎಂದು ದುಂಡಗೆ ಬರೆದಿತ್ತು.

ರಾತ್ರಿ ಊಟಕ್ಕೆ ರೊಟ್ಟಿ, ಬದನೆಕಾಯಿ ಪಲ್ಯ. ರುಹಿ ತಾಟು ಮುಟ್ಟಲಿಲ್ಲ.

"ಅಮ್ಮಾ, ನೀ ಸುಳ್ಳು ಯಾಕ ಹೇಳಿದಿ?"

"ಬಂದ ಮಂದಿ ಮುಂದ ಮನಿ ತೂತು ತೋರಸ್ತಾರೇನ? ನಾಳಿ ನಿನ್ನ ನೋಡಾಕ ಬಂದವರ ಮುಂದೂ ಹಿಂಗ ಹಲ್ಲು ತಗದ ತೋರಸಾಕಿ ಏನ ನೀನು?"

"ಅವರು ಹೆಣ್ಣು ನೋಡಾಕ ಬಂದಿಲ್ಲ, ಓಣಿ ನೋಡಾಕ ಬಂದಾರ!"

"ಎರಡೂ ಒಂದ. ಚಂದ ಕಂಡ್ರ ಒಪ್ಪತಾರ."

ಇಲಿಯಾಸ ಮಧ್ಯೆ ಬಾಯಿ ಹಾಕಿದ. ಗದಗಿನ ಮುದ್ರಣಾಲಯವೊಂದರಲ್ಲಿ ಕಾಗದ ಕತ್ತರಿಸುವ ಕೆಲಸ ಅವನದು. ಮಾತೂ ಹಾಗೇ, ನೇರ. "ನಾ ಹೇಳೀನಿ ಆ ಹುಡಿಗಿಗೆ. ತುದಿಗೆ ನಮ್ಮ ಬಣ್ಣದ ಮನಿ ಐತಲ್ಲ, ಬಿದ್ದ ಕಲ್ಲು. ಅದನ್ನ ತಗದು ಗಾಡಿ ನಿಲ್ಲಸಾಕ ಜಾಗಾ ಮಾಡ್ರಿ, ಬಾಜೂಕ ಎರಡು ಅಂಗಡಿ ಕಟ್ಟ್ರಿ ಅಂತ."

"ಯಾರ ಮನಿ ಯಾರು ಕೊಡ್ತೀರಲೇ?" ಜಹಾಂಗೀರಸಾಬನ ಕೈಯ ತುತ್ತು ಅಲ್ಲೇ ನಿಂತಿತು. "ನಮ್ಮಜ್ಜ ಕಟ್ಟಿದ ಹೌಜು ಐತಿ ಅದರಾಗ. ಮೂರು ಊರಿನ ನೂಲು ತೊಳದಾರ ಅದರ ನೀರಾಗ."

"ಈಗ ಅದರಾಗ ನಾಯಿ ಮರಿ ಹಾಕ್ತೈತಿ."

ಮುದುಕ ತಾಟು ಸರಿಸಿ ಎದ್ದ. ನಸ್ರೀನ ಉಳಿದ ಪಲ್ಯವನ್ನು ಮುಚ್ಚಿಟ್ಟು, ಒಂದೇ ತಂಬಿಗೆ ನೀರಲ್ಲಿ ಐದು ತಾಟು ತೊಳೆದಳು.

ಮರುವಾರ ಸೀಮಾ ಒಬ್ಬಳೇ ಬಂದಳು. ಅತ್ತೆ ಸಂತೆಗೆ ಹೋಗಿದ್ದಳು. ಈ ಸಲ ಸೀಮಾ ತ್ರಾಸದ ಸುದ್ದಿಯನ್ನೇ ಎತ್ತಲಿಲ್ಲ.

"ಅಕ್ಕಾರ, ನಿನ್ನಿ ದಿವಸ ಎದ್ದಾಗಿಂದ ಏನೇನು ಮಾಡಿದ್ರಿ, ಒಂದೊಂದ ಹೇಳ್ತೀರೇನು? ಸಣ್ಣದೂ ಬಿಡಬ್ಯಾಡ್ರಿ."

ನಸ್ರೀನ ಮುಂಡರಗಿಯಲ್ಲಿ ಬಿ.ಎ. ಮಾಡಿ ಬಂದವಳು. ಕೇಳಿದ ಪ್ರಶ್ನೆಗೆ ಅಷ್ಟೇ ಉತ್ತರ ಕೊಡುವುದು ಅವಳ ರೂಢಿ. "ಹನ್ನೊಂದಕ್ಕ ಮಲಗಿದೆ. ಹನ್ನೆರಡೂವರಿಗೆ ಎದ್ದು ನಳಕ್ಕ ಕಿವಿ ಕೊಟ್ಟೆ. ಎರಡಕ್ಕ ಮತ್ತ ಎದ್ದೆ. ಮೂರೂವರಿಗೆ..."

ಸೀಮಾ ಪೆನ್ನು ನಿಲ್ಲಿಸಿದಳು. "ನೀವು ರಾತ್ರಿ ಪೂರಾ ಮಲಗಿದ್ದು ಯಾವಾಗ್ರಿ?"

ನಸ್ರೀನ ಬೆರಳು ಮಡಚಿ ತಿಂಗಳು ಎಣಿಸಿದಳು. "ಹೋದ ವರ್ಷ ಡೆಂಗ್ಯೂ ಆಗಿ ದವಾಖಾನಿಯಾಗ ಇದ್ದೆನಲ್ಲ, ಆವಾಗ್ರಿ. ನಾಕು ರಾತ್ರಿ. ಭಾಳ ಚೊಲೊ ನಿದ್ದಿ ಬಂದಿತ್ತು."

ಹೇಳಿದ ಮೇಲೆ ಅವಳಿಗೇ ನಗು ಬಂತು. ಸೀಮಾ ನಗಲಿಲ್ಲ. ಹಳೆಯ ಚೀಟಿಯನ್ನು ಕಿತ್ತು ಹೊಸದೊಂದರ ಮೇಲೆ 'ನಿದ್ದೆ' ಎಂದಷ್ಟೇ ಬರೆದಳು. ಓಣಿಗೆ ಒಂದು ದೊಡ್ಡ ತೊಟ್ಟಿ ಇದ್ದರೆ, ನೀರು ಯಾವ ಹೊತ್ತಿಗೆ ಬಂದರೂ ತಾನೇ ಅದರಲ್ಲಿ ತುಂಬುತ್ತದೆ, ಬೆಳಿಗ್ಗೆ ಎದ್ದು ಬಳಸುವ ನೀರು ತಂದುಕೊಳ್ಳಬಹುದು, ಯಾರೂ ಕಾಯಬೇಕಾಗಿಲ್ಲ ಎಂದಳು. ನಸ್ರೀನಳಿಗೆ ಅದು ಯಾರೋ ಹಾಸಿಗೆ ಕೊಡವಿ ಹಾಸಿಕೊಟ್ಟ ಹಾಗೆ ಕೇಳಿಸಿತು.

ಒಂದು ಸಂಜೆ ಅವರೆಲ್ಲ ಸುಣ್ಣದ ಪುಡಿ ತಂದು ಓಣಿಯ ನೆಲದ ಮೇಲೆಯೇ ಹೊಸ ಓಣಿಯನ್ನು ಬರೆದರು. ಗಟಾರು ಇಲ್ಲಿ, ಕಟ್ಟೆ ಇಲ್ಲಿ, ಮಗ್ಗದವರು ಹಾಸಿನ ನೂಲು ಎಳೆಯುವ ಜಾಗ ಇಲ್ಲಿ. ರಟ್ಟಿನ ಬಾಗಿಲು ನಿಲ್ಲಿಸಿದರು, ಹಗ್ಗಕ್ಕೆ ಸೀರೆ ತೂಗಿ ಗೋಡೆ ಮಾಡಿದರು. ಹೊತ್ತು ಮುಳುಗುವಾಗ ಬಿಳಿ ಗೆರೆಗಳು ನೆಲದಿಂದ ಗೇಣು ಮೇಲೆದ್ದು ತೇಲುತ್ತಿದ್ದ ಹಾಗೆ ಕಂಡವು. ಜನ ಸುಮ್ಮನೆ ಅದರೊಳಗೆ ನಡೆಯತೊಡಗಿದರು. ಇಲ್ಲದ ಗಟಾರವನ್ನು ಮಂಜವ್ವ ಸೀರೆ ಎತ್ತಿ ದಾಟಿದಳು. ಇಲ್ಲದ ಕಟ್ಟೆಗೆ ಅಮೀನಬಿ ಎದುರಾಗಿ ನಿಂತು, "ಇದು ಇಷ್ಟು ಎತ್ತರ ಆದ್ರ ನನ್ನ ಮೊಣಕಾಲಿಗೆ ಆಗೂದಿಲ್ಲ, ತಗ್ಗಸ್ರಿ," ಎಂದಳು. ಹುಡುಗನೊಬ್ಬ ಕಾಲಲ್ಲಿ ಗೆರೆ ಅಳಿಸಿ ತಗ್ಗಿಸಿದ. ನಸ್ರೀನ ತುದಿಯಲ್ಲಿ ತೊಟ್ಟಿಗೆಂದು ಬರೆದ ಚೌಕದ ಪಕ್ಕ ನಿಂತು ಅದರೊಳಗೆ ಬಗ್ಗಿ ನೋಡಿದಳು. ಬರೀ ಮಣ್ಣು. ಆದರೂ ತಂಪು ಗಾಳಿ ಮುಖಕ್ಕೆ ಬಡಿದ ಹಾಗಾಯಿತು.

"ತೊಟ್ಟಿ ಇಲ್ಲಿ ತೋಡಬೇಕಂದ್ರ ಕೆಳಗ ಬಂಡಿಗಲ್ಲು ಹತ್ತತೈತ್ರಿ, ಒಡಿಯಾಕ ಭಾಳ ಖರ್ಚು," ಎಂದಳು ಸೀಮಾ ಎಲ್ಲರಿಗೂ ಕೇಳುವಂತೆ. "ಯೋಜನೆಯವರು ಒಪ್ಪಂಗಿಲ್ಲ. ತೊಟ್ಟಿ ಆಗಲಿಲ್ಲಂದ್ರ ಈ ಜಾಗಾ ಗಾಡಿ ನಿಲ್ಲಸಾಕ ಹೋಗತೈತಿ. ಬಣ್ಣದ ಮನಿ ಹೌಜು ಇದ್ದದ್ದು ಇದ್ದಂಗ ಬಳಸಾಕ ಬಂದ್ರ ಮಾತ್ರ..."

"ಅದು ಸೋರತೈತಿ," ಎಂದ ಇಲಿಯಾಸ. "ನೂರು ವರ್ಷದ ಹಳೇ ಗಚ್ಚು. ಜರಡಿ ಅದು, ಜರಡಿ."

ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಜಹಾಂಗೀರಸಾಬ ಎದ್ದು ಬಂದ. ಸುಣ್ಣದ ಗೆರೆಗಳನ್ನು ತುಳಿಯದೆ, ರಟ್ಟಿನ ಬಾಗಿಲನ್ನು ತೆರೆದುಕೊಂಡೇ ಬಂದ. ಇಡೀ ವಾರ 'ಕೊಡಂಗಿಲ್ಲ' ಎನ್ನುತ್ತಿದ್ದ ಮನುಷ್ಯ ಸೊಂಟದಿಂದ ಕೀಲಿಕೈ ತೆಗೆದು ಸೀಮಾಳ ಮುಂದೆ ಹಿಡಿದ.

"ತುಂಬಿಸಿ ನೋಡವಾ. ಒಂದು ಹನಿ ಹೊರಗ ಹೋತಂದ್ರ ನನ್ನ ಹೆಸರು ತಗದ ಒಗೀರಿ."

ನಾಲ್ಕು ಮೊಳ ಉದ್ದ, ಮೂರು ಮೊಳ ಅಗಲ, ಆಳು ಮುಳುಗುವ ಆಳ. ಹೌಜನ್ನು ಎಲ್ಲರೂ ಸೇರಿ ಕೆರೆದು ತೊಳೆದರು. ಮುಂದಿನ ಸಲ ನೀರು ಬಂದಾಗ ಕೊನೆಯ ನಳಕ್ಕೆ ಪೈಪು ಹಚ್ಚಿ ತುಂಬಿಸಿದರು. ಏಳು ದಿನ ಯಾರೂ ಮುಟ್ಟಬಾರದು. ನಾಲ್ಕು ಬೆರಳಿಗಿಂತ ಹೆಚ್ಚು ಇಳಿದರೆ ಹೌಜಿನ ಮಾತು ಅಲ್ಲಿಗೆ ಮುಗಿಯಿತು ಎಂದು ಸೀಮಾ ಎಲ್ಲರ ಮುಂದೆ ಹೇಳಿದಳು. ನೀರಿನ ಅಂಚಿಗೆ ಸರಿಯಾಗಿ ಜಹಾಂಗೀರಸಾಬ ಹೆಬ್ಬೆರಳು ಬಣ್ಣದಲ್ಲಿ ಅದ್ದಿ ಗೋಡೆಗೆ ಒತ್ತಿದ. ಕೀಲಿಕೈ ಅವನ ಹತ್ತಿರವೇ ಉಳಿಯಿತು.

ಮೂರನೇ ದಿನ ಅಮೀನಬಿ ಬ್ಯಾರಲ್ಲಿನೊಳಗೆ ಕೈ ಇಳಿಬಿಟ್ಟಳು. ಮೊಣಕೈ ದಾಟಿದರೂ ನೀರು ತಾಗಲಿಲ್ಲ.

"ಏನವಾ ಇದು? ನಿನ್ನ ತವರಮನಿ ಹೊಳಿ ಅನ್ಕೊಂಡಿಯೇನ?"

"ನಾ ದಿನಾ ಬಳಸೂದ ಬಳಸೀನ್ರಿ ಅಮ್ಮಾ."

"ಮತ್ತ ಬ್ಯಾರಲ್ಲಿಗೆ ಬಾಯಾರಿತ್ತೇನು, ತಾನ ಕುಡದಿತೇನು?"

ಅವತ್ತಿನಿಂದ ಮನೆ ಬಿಗಿಯಾಯಿತು. ಬಟ್ಟೆ ಒಗೆಯುವುದು ನಿಂತಿತು. ಅನ್ನಕ್ಕೆ ಅಕ್ಕಿ ಎರಡು ಸಲದ ಬದಲು ಒಂದೇ ಸಲ ತೊಳೆದದ್ದು. ದಾಲ್ಚಾ ಮಾಡಬೇಕೆಂದಿದ್ದ ಶುಕ್ರವಾರ ಶೇಂಗಾ ಚಟ್ನಿ, ಒಣ ರೊಟ್ಟಿ. ಇಲಿಯಾಸ ಮುಖಕ್ಕಷ್ಟೇ ನೀರು ಹಾಕಿಕೊಂಡು ಕೆಲಸಕ್ಕೆ ಹೊರಟ.

"ಮಶೀನಿನ ಮುಂದ ನಿಂತ್ರ ಬಾಜೂಕಿನವ ಸರದ ನಿಲ್ತಾನ. ಏನ ಮಾಡ್ತಿ ನಸ್ರೀನ ನೀರಿಗೆ? ಹೇಳರ ಹೇಳ."

"ನಾ ಏನೂ ಮಾಡಿಲ್ರಿ."

"ಭಾಭಿ ಮ್ಯಾಲೆ ಯಾಕ ಒದರ್ತಿ ಭಾಯಿ?" ಎಂದಳು ರುಹಿ. "ನೀ ಹೋದ ವಾರ ಗಾಡಿ ತೊಳದಿಯಲ್ಲ?"

"ಅದು ಹೋದ ವಾರ!"

ಇಷ್ಟೆಲ್ಲ ನಡೆಯುವಾಗ ಜಹಾಂಗೀರಸಾಬ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಅವನ ಅಂಗಿಯ ಒಂದು ಮಗ್ಗುಲು ಒದ್ದೆಯಾಗಿದ್ದನ್ನು ನಸ್ರೀನ ನೋಡಿದಳು. ಬೆವರು ಇರಬೇಕು ಎಂದುಕೊಂಡಳು. ಮೇ ತಿಂಗಳು.

ಆರನೇ ದಿನದ ಮಧ್ಯಾಹ್ನ. ಓಣಿಯಲ್ಲಿ ಮಗ್ಗದ ಸದ್ದೂ ಇರಲಿಲ್ಲ. ಬಿಸಿಲಿಗೆ ಗೋಡೆಗಳು ಅಲುಗುತ್ತಿದ್ದವು. ಅತ್ತೆ ಗೊರಕೆ ಹೊಡೆಯುತ್ತಿದ್ದಳು. ಮಾವನ ಚಾಪೆ ಖಾಲಿಯಿತ್ತು. ಬಾಗಿಲಿಗೆ ಬಂದ ನಸ್ರೀನಳಿಗೆ ಹೊಸ್ತಿಲಿನಾಚೆ ಕಲ್ಲಿನ ಮೇಲೆ ಒಂದು ನೀರಿನ ಹನಿ ಕಂಡಿತು. ಅದರಾಚೆ ಇನ್ನೊಂದು. ನೋಡುತ್ತಿದ್ದ ಹಾಗೇ ಮೊದಲನೆಯದು ಅಂಚಿನಿಂದ ಒಣಗುತ್ತ ಕಾಸಿನಷ್ಟಾಗಿ, ಕಾಳಿನಷ್ಟಾಗಿ, ಇಲ್ಲವಾಯಿತು. ಅವಳು ಚಪ್ಪಲಿ ಮೆಟ್ಟದೆ ಹೊರಬಿದ್ದಳು. ಹನಿಗಳು ಅವಳಿಗಿಂತ ಒಂದು ಹೆಜ್ಜೆ ಮುಂದೆ ಮಾಯವಾಗುತ್ತ, ಮುಂದಿನದನ್ನು ತೋರಿಸುತ್ತ ಹೋದವು. ಕಾಲು ಸುಡುತ್ತಿತ್ತು. ನಿದ್ದೆಯಲ್ಲಿ ನಡೆಯುತ್ತಿದ್ದೇನೆಯೋ ಎಂದು ಒಮ್ಮೆ ಅನ್ನಿಸಿತು. ಕೊನೆಯ ಹನಿ ಬಣ್ಣದ ಮನೆಯ ಬಾಗಿಲ ಬುಡದಲ್ಲಿತ್ತು.

ಬಾಗಿಲ ಸಂದಿಯಿಂದ ನೋಡಿದಳು. ಮುರಿದ ಛಾವಣಿಯಿಂದ ಬಿಸಿಲು ನೀರಿನ ಮೇಲೆ ಬಿದ್ದು ಗೋಡೆಯ ತುಂಬ ಕುಣಿಯುತ್ತಿತ್ತು. ಎಪ್ಪತ್ತು ದಾಟಿದ ಮುದುಕ ಹೌಜಿನ ಅಂಚಿಗೆ ಮೊಣಕಾಲೂರಿ, ಸಣ್ಣ ಕೊಡವನ್ನು ಗೋಡೆಗೆ ತಾಗಿಸಿ, ಸದ್ದಾಗದಂತೆ ಎಳೆ ಎಳೆಯಾಗಿ ಸುರಿಯುತ್ತಿದ್ದ. ಖಾಲಿಯಾದ ಮೇಲೆ ತನ್ನ ಹೆಬ್ಬೆರಳನ್ನು ಆ ನೀಲಿ ಗುರುತಿನ ಮೇಲೆ ಇಟ್ಟು ನೋಡಿದ. ಇನ್ನೂ ಒಂದು ಕೂದಲಿನಷ್ಟು ಕಡಿಮೆಯಿತ್ತು.

"ಮಾನ ಕಳೀಬ್ಯಾಡ," ಎಂದ, ಹೌಜಿಗೆ. "ಇನ್ನೊಂದ ದಿವಸ. ತಡಕೊ."

ನಸ್ರೀನ ಹಿಂದಿರುಗಿದಳು. ಚಾಪೆಯ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಹೌಜು ಸೋರುತ್ತಿತ್ತು. ಹೇಳಿದರೆ ಹೌಜೂ ಹೋಯಿತು, ತನ್ನ ನಿದ್ದೆಯೂ ಹೋಯಿತು, ಮುದುಕನ ಹೆಸರೂ ಹೋಯಿತು. ಹೇಳದಿದ್ದರೆ ಹನ್ನೆರಡು ಮನೆ ಜರಡಿಯನ್ನು ನಂಬಿ ಮಲಗುತ್ತದೆ. ಮಾವ ಬಂದು ಕೊಡವನ್ನು ಮೆಲ್ಲಗೆ ಕೆಳಗಿಟ್ಟದ್ದು ಕೇಳಿಸಿತು. ಅವಳು ಉಸಿರನ್ನು ನಿದ್ದೆಯ ಉಸಿರಿನ ಹಾಗೆ ಬಿಟ್ಟಳು.

ಎಂಟನೇ ದಿನ ಬೆಳಿಗ್ಗೆ ಇಡೀ ಓಣಿ ಬಣ್ಣದ ಮನೆಯಲ್ಲಿ ಸೇರಿತು. ಸೀಮಾ ಅಳತೆಪಟ್ಟಿ ಇಳಿಬಿಟ್ಟು ಬಗ್ಗಿ ನೋಡಿದಳು. ನೀರು ನೀಲಿ ಗುರುತಿಗೆ ಸರಿಯಾಗಿ ನಿಂತಿತ್ತು.

"ಹೇಳಿರಲಿಲ್ಲೇನು?" ಎಂದ ಜಹಾಂಗೀರಸಾಬ.

"ನಮ್ಮ ಸಾಬಣ್ಣನ ಹೌಜು ಅಂದ್ರ ಏನು!" ಮಂಜವ್ವ ಚಪ್ಪಾಳೆ ತಟ್ಟಿದಳು. "ಇಲಿಯಾಸ, ಜರಡಿ ಅಂದಿದ್ದೆಲ್ಲೋ? ತಗೊ, ಹಿಟ್ಟು ಸೋಸ!"

ಎಲ್ಲರೂ ನಕ್ಕರು. ಸೀಮಾ ಮಾತ್ರ ಮತ್ತೊಮ್ಮೆ ಬಗ್ಗಿದಳು. "ಒಂದು ಕೂದಲೂ ಇಳದಿಲ್ಲಲ್ರಿ ಅಜ್ಜಾರ. ಇಂಥಾ ಬಿಸಿಲಾಗ, ತಾಟಿನಾಗ ಇಟ್ಟ ನೀರೂ ಆರತೈತಿ. ಎರಡು ಬೆರಳರ ಇಳೀಬೇಕಿತ್ತು."

ನಗುತ್ತಿದ್ದವರೂ ಹೌಜಿನೊಳಗೆ ಬಗ್ಗಿ ನೋಡಿದರು. ಮುದುಕ ಗುರುತನ್ನು ಕಾಯುವ ಭರದಲ್ಲಿ ಬಿಸಿಲಿನ ಪಾಲನ್ನು ಬಿಟ್ಟುಕೊಡುವುದನ್ನೇ ಮರೆತಿದ್ದ.

ಆ ಹೊತ್ತಿಗೇ ಅಮೀನಬಿಗೆ ತನ್ನ ಸಂಕಟ ಉಕ್ಕಿ ಬಂತು. ಮೂರು ವಾರ ಪರದೆ ಎಳೆದು ಕಾದ ಮರ್ಯಾದೆಯನ್ನು ಒಂದೇ ಉಸಿರಿಗೆ ಕಿತ್ತೊಗೆದಳು. "ಹೌಜಿನಾಗ ಇಳದಿಲ್ಲ, ನಮ್ಮ ಮನಿಯಾಗ ಇಳದೈತಿ ನೋಡವಾ! ಎರಡು ಬ್ಯಾರಲ್ ನೀರು ಎಂಟ ದಿನದಾಗ ಖಾಲಿ. ಕುಡ್ಯಾಕಂತ ನಿನ್ನಿ ಮಂಜವ್ವನ ಮನಿಯಾಗ ಕೈ ಚಾಚೀನಿ!"

ಸೀಮಾ ನಿಧಾನವಾಗಿ ಅವಳ ಕಡೆ ತಿರುಗಿದಳು. ಹೌಜಿನ ಕಡೆ ನೋಡಿದಳು. ಜಹಾಂಗೀರಸಾಬ ಏನೋ ಹೇಳಲು ಬಾಯಿ ತೆರೆದ.

"ಅದು ನನ್ನ ತಪ್ಪ್ರಿ," ಎಂದಳು ನಸ್ರೀನ. ದನಿ ತಾನೆಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಸೆಕಿ ಅಂತ ದಿನಾ ಎರಡೆರಡು ಸಲ ಮೈ ತೊಳಕೊಂಡೆ. ಅಮ್ಮಾಗ ಹೇಳಾಕ ನಾಚಿಕಿ ಬಂತು."

"ಎರಡೆರಡ ಸಲ!" ಅಮೀನಬಿ ಎದೆ ಬಡಿದುಕೊಂಡಳು. "ಮಹಾರಾಣಿ ಬಂದಾಳ ನೋಡ್ರಿ ನಮ್ಮ ಮನಿಗೆ! ಹಮ್ಮಿಗಿ ಮಂದಿಗೆ ನೀರಿನ ಕಿಮ್ಮತ್ತ ಎಲ್ಲಿ ಗೊತ್ತಿರತೈತಿ!"

ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಇಲಿಯಾಸ ನೆಲ ನೋಡಿದ. ನಸ್ರೀನ ಸೀಮಾಳ ಕೈಯಿಂದ ಹಳದಿ ಚೀಟಿಯನ್ನೂ ಪೆನ್ನನ್ನೂ ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು ಬರೆದಳು. 'ಬಳಸುವ ಮೊದಲು ಹೌಜಿನ ಒಳಗೆ ಹೊಸ ಗಾರೆಯ ಗಿಲಾವು ಮಾಡಿಸಬೇಕು. ಆಮೇಲೆ ಮತ್ತೊಮ್ಮೆ ಏಳು ದಿನ ತುಂಬಿಸಿ ನೋಡಬೇಕು. ಕೀಲಿಕೈ ನಿಮ್ಮ ಹತ್ತಿರ ಇರಬೇಕು.'

ಸೀಮಾ ಓದಿದಳು. "ಸೋರೂದಿಲ್ಲಂದ ಮ್ಯಾಲೆ ಗಿಲಾವು ಯಾಕ್ರಿ ಅಕ್ಕಾರ?"

"ನೂರು ವರ್ಷದ್ದು ಐತಲ್ರಿ. ಈಗ ತಡದೈತಿ. ಅದರ ಮ್ಯಾಲೆ ಎಷ್ಟು ಭಾರ ಹಾಕೂದು?"

ಗೋಡೆಯ ಮೇಲೆ ಬೆಳಕು ಕುಣಿಯುತ್ತಲೇ ಇತ್ತು. ಜಹಾಂಗೀರಸಾಬ ಸೊಂಟದ ಕೀಲಿಕೈಯನ್ನು ತೆಗೆದ. ಈ ಸಲ ಮುಂದೆ ಚಾಚಿ ಹಿಡಿಯಲಿಲ್ಲ. ಸೀಮಾಳ ಅಂಗೈಯಲ್ಲಿ ಮೆಲ್ಲಗೆ ಇಟ್ಟ.

"ಸುಣ್ಣಕ್ಕ ಬೆಲ್ಲದ ನೀರು ಹಾಕಿ ಕಲಸಬೇಕವಾ," ಎಂದ. "ಅಂದ್ರ ಹಿಡೀತೈತಿ. ನಾ ಕುಂತು ಹೇಳಿ ಕೊಡ್ತೀನಿ."

ಸೀಮಾ ಅವನ ಮುಖವನ್ನು ಒಂದು ಗಳಿಗೆ ನೋಡಿ, ಚೀಟಿಯನ್ನು ಎಲ್ಲಕ್ಕಿಂತ ಮೇಲೆ ಅಂಟಿಸಿಕೊಂಡಳು. "ಆತ್ರಿ ಅಜ್ಜಾರ. ಮತ್ತೊಮ್ಮೆ ತುಂಬಿಸಿ ನೋಡೂಣು."

ರಾತ್ರಿ ಮಂಜವ್ವನ ಮನೆಯ ನೀರಲ್ಲಿ ಖಿಚಡಿ ಆಯಿತು. ಅಮೀನಬಿ ಬಡಿಸುತ್ತ ಇಡೀ ಹೊತ್ತು 'ಮಹಾರಾಣಿ' ಎಂದೇ ಕರೆದಳು. ಮಾವ ತಲೆ ಎತ್ತದೆ ಉಂಡು ಎದ್ದ.

ರುಹಿ ಪಾತ್ರೆ ಎತ್ತಿಡಲು ಒಳಗೆ ಬಂದವಳು ಪಿಸುಗುಟ್ಟಿದಳು. "ಭಾಭಿ, ನೀ ದಿನಕ್ಕೆರಡು ಸಲ ಜಳಕಾ ಮಾಡೂದು ನಾ ಒಂದ ದಿವಸಾನೂ ನೋಡಿಲ್ಲ. ಖರೆ ಹೇಳ, ನೀರು ಎಲ್ಲಿ ಹೋತು?"

ಎಲ್ಲ ನಸ್ರೀನಳ ನಾಲಿಗೆಯ ತುದಿಗೆ ಬಂತು. ಬಿಸಿಲಲ್ಲಿ ಒಂದೊಂದಾಗಿ ಒಣಗಿದ ಹನಿಗಳು, ಗೋಡೆಗೆ ತಾಗಿಸಿ ಹಿಡಿದ ಕೊಡ, ಮುದುಕ ಹೌಜಿಗೆ ಹೇಳಿದ ಆ ಮಾತು. ಎಂಥ ಚಂದದ ಸುದ್ದಿ, ಹೇಳಿದರೆ ರುಹಿ ಅಳುತ್ತಿದ್ದಳು. ಇಲಿಯಾಸನಿಗೆ ಹೇಳಿದರೆ ಅವನ ಸಿಟ್ಟು ಇಳಿಯುತ್ತಿತ್ತು. ನಾಳೆ ಹಮ್ಮಿಗಿಯಿಂದ ಅವ್ವನ ಫೋನು ಬರುತ್ತದೆ, ಅವಳು ಕೇಳಿ ಮಗಳನ್ನು ಮೆಚ್ಚುತ್ತಿದ್ದಳು. ನಸ್ರೀನ ಖಾಲಿ ಬ್ಯಾರಲ್ಲುಗಳ ಮುಚ್ಚಳ ಹಾಕಿದಳು, ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ. ಇವರಾರಿಗೂ ಹೇಳುವುದಿಲ್ಲ. ನಾನು ನೋಡಿದೆನೆಂದು ಆ ಮುದುಕನಿಗೂ ತಿಳಿಯಬಾರದು.

"ಹೇಳಿದೆನಲ್ಲ," ಎಂದಳು. "ಮೈಮ್ಯಾಲೆ ಹಾಕ್ಕೊಂಡೆ."